ಎರಡು ದನಿಗೆ ಒಂದೇ ಮೈಕು

‘ಎಲ್ಲರೂ ಇದನ್ನೇ ಬಳಸೋದು’ ಎಂದು ಯಾರಾದರೂ ಹೇಳಿದರೆ ಸಾಕು, ಆ ವಸ್ತುವಿನ ಮೇಲೆ ನನಗಿದ್ದ ಅಲ್ಪಸ್ವಲ್ಪ ಆಸೆಯೂ ಹಾರಿಹೋಗುತ್ತದೆ. ಇದು ಗುಣವೋ ರೋಗವೋ ನನಗೆ ತಿಳಿಯದು. ನನ್ನ ಹೆಂಡತಿ ಸರೋಜಾ ರೋಗ ಎನ್ನುತ್ತಾಳೆ. ಊರೆಲ್ಲ ಮೊಪೆಡ್ಡಿನಿಂದ ಬೈಕಿಗೆ ಏರಿದಾಗ ನಾನು ಸೈಕಲ್ಲಿಗೆ ಇಳಿದವನು. ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ಹುಟ್ಟಿಯೂ, ಕಾಯಿಚಟ್ನಿ ಬೇಡ, ಕಡಲೆಕಾಯಿ ಚಟ್ನಿ ಇದೆಯೇ ಎಂದು ಕೇಳಿ ಅತ್ತೆಮನೆಯಲ್ಲಿ ಹೆಸರು ಕೆಡಿಸಿಕೊಂಡವನು. ಹೀಗಾಗಿ ಎರಡು ಸಾವಿರದ ಐದರ ಆಚೀಚಿನ ಆ ವರ್ಷಗಳಲ್ಲಿ, ಲೋಕವೆಲ್ಲ ಕಿಟಕಿಯ ಗುರುತಿನ ವಿಂಡೋಸ್ ಕಂಪ್ಯೂಟರಿನಲ್ಲಿ ಸುಖವಾಗಿದ್ದಾಗ, ನಾನೊಬ್ಬ ಪೆಂಗ್ವಿನ್ ಗುರುತಿನ ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಗೆ ಗುಳೆ ಹೊರಟೆನೆಂದರೆ ನೀವು ಬೆರಗಾಗಬೇಕಿಲ್ಲ.

ನಾನು ಹೈಸ್ಕೂಲು ಮೇಷ್ಟ್ರು. ಹಿಂದಿನ ಕೋಣೆಯ ಗೋಡೆಗೆ ಗೋಣಿತಾಟು, ಹಳೆಯ ಹಾಸಿಗೆ ಬಡಿದು, ಭಜನೆಯವರ, ಸೋಬಾನೆಯವರ ಹಾಡು ರೆಕಾರ್ಡ್ ಮಾಡಿ ಸಿಡಿಗೆ ಇಳಿಸಿಕೊಡುವುದು ನನ್ನ ಚಟ. ಹಾಡುವವರ ಜೊತೆ ಬರುವ ಬಂಧುಗಳು ಪೆನ್‌ಡ್ರೈವ್ ತರುತ್ತಿದ್ದರು. ಅದರಲ್ಲಿ ವೈರಸ್ಸೂ ಬರುತ್ತಿತ್ತು. ಒಮ್ಮೆ ಅದು ಒಂದಿಡೀ ಶ್ರಾವಣದ ಭಜನೆಯನ್ನು ನುಂಗಿ ನೀರು ಕುಡಿಯಿತು. ರಿಪೇರಿಯವನು ಮತ್ತೆ ಹಳೆಯದನ್ನೇ ಹಾಕಿಕೊಡುತ್ತೇನೆಂದ. ನಾನು ಬೇಡವೆಂದು ಹೇಳಿ, ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಲಿನಕ್ಸ್ ಸಿಡಿಯನ್ನು ತುರುಕಿದೆ.

ಸುದ್ದಿ ಹಳೇಬೀಡಿಗೆ ಮುಟ್ಟಿತು. ಅಲ್ಲಿ ನನ್ನ ಕಾಲೇಜಿನ ಗೆಳೆಯ ನಾಗರಾಜ ಸ್ಟುಡಿಯೊ ಇಟ್ಟಿದ್ದಾನೆ, ಮದುವೆಗಳಿಗೆ ಮೈಕ್‌ಸೆಟ್ಟನ್ನೂ ಹಾಕುತ್ತಾನೆ. “ಏನ್ಲಾ, ತಲೆಗಿಲೆ ಕೆಟ್ಟೈತಾ?” ಎಂದು ಫೋನಿನಲ್ಲೇ ಕೂಗಿದ. “ಅದ್ರಾಗೆ ಮ್ಯೂಸಿಕ್ ಮಾಡೋಕಾಯ್ತದೇನ್ಲಾ? ಬೆಂಗ್ಳೂರ್ನಾಗೆ ಎಲ್ರೂ ನನ್ ತಾವ ಇರೋ ಸಾಫ್ಟ್‌ವೇರೇ ಬಳಸೋದು!” ಕೊನೆಯ ಆ ಮಾತನ್ನು ಅವನು ಆಡಬಾರದಿತ್ತು.

ಹೊಸ ವ್ಯವಸ್ಥೆ ಏರಿಯೇನೋ ಏರಿತು, ಆದರೆ ಶಬ್ದವೇ ಬರಲೊಲ್ಲದು. ಹಾಡಿಗಾಗಿ ಬದಲಾಯಿಸಿದ ಯಂತ್ರ ಮೌನವ್ರತ ಹಿಡಿದು ಕೂತಿತು. “ಮನೆ ಎಷ್ಟು ತಣ್ಣಗಿದೆ, ಹಿಂಗೇ ಇರ್ಲಿ ಬಿಡಿ” ಎಂದಳು ಸರೋಜಾ. ಹೇಗೋ ಅದರ ಗಂಟಲು ಬಿಡಿಸಿದ ಮೇಲೆ ಸಾಫ್ಟ್‌ವೇರ್ ಆಯ್ಕೆಯ ಕಷ್ಟ ಶುರುವಾಯಿತು. ಒಂದನ್ನು ತೆರೆದರೆ ನಮ್ಮ ಅರಸೀಕೆರೆ ರೈಲ್ವೆ ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ನಿಗೇ ಹೊಕ್ಕಂತಾಯಿತು: ಇದರ ಬಾಯನ್ನು ಅದರ ಕಿವಿಗೆ ಜೋಡಿಸಬೇಕು, ಅದರ ಬಾಯನ್ನು ಇನ್ನೊಂದರ ಕಿವಿಗೆ, ಒಂದು ತಪ್ಪಿದರೂ ಹಾಡು ಬೇರೆ ಊರಿಗೆ ಹೋಗುತ್ತದೆ. ಇನ್ನೊಂದು ಥೇಟ್ ನಾಗರಾಜನದರ ತಮ್ಮ. ಹಾಡಿಗೆ ಮೊದಲೇ ತಾಳದ ಚೌಕ ಬರೆದಿಟ್ಟು, ಕಿವಿಯಲ್ಲಿ ಟಿಕ್ ಟಿಕ್ ಎನ್ನುತ್ತಾ, ಬೇಗ ಬಂದವರನ್ನು ಹಿಂದಕ್ಕೂ ತಡವಾದವರನ್ನು ಮುಂದಕ್ಕೂ ತಳ್ಳುತ್ತದೆ. ಅದರಲ್ಲಿ ನನ್ನ ಹೆಡ್‌ಮಾಸ್ಟರರ ಮುಖ ಕಂಡಿತು. ಮೂರನೆಯದು ಬಡಪಾಯಿ: ಒಂದು ಕೆಂಪು ಗುಂಡಿ, ನಿಲ್ಲಿಸಲು ಇನ್ನೊಂದು ಗುಂಡಿ, ನಡುವೆ ದನಿಯ ಗೆರೆ. ಇಷ್ಟರಲ್ಲೇ ಏನು ಮಾಡಲಾದೀತು ಎಂದು ನನಗೂ ಅನ್ನಿಸಿತೆನ್ನಿ.

ಆಗ ಬಂದಳು ರೂಪಾ. ಮಾದಿಹಳ್ಳಿಯವಳು, ನನ್ನ ಹಳೆಯ ವಿದ್ಯಾರ್ಥಿನಿ, ಈಗ ನರ್ಸು. ಅವಳಿಗೆ ಮದುವೆ ಗೊತ್ತಾಗಿತ್ತು. “ಸಾರ್, ಧಾರೆ ಹೊತ್ತಲ್ಲಿ ನಮ್ಮಜ್ಜಿ, ಚಿಕ್ಕಜ್ಜಿ ಇಬ್ರ ಸೋಬಾನೆನೂ ಕೇಳ್ಬೇಕು. ಅದಿಲ್ದೆ ನಾನು ಮಣೆ ಮೇಲೆ ಕೂರಲ್ಲ” ಎಂದಳು. ತೊಡಕೇನೆಂದರೆ ಪುಟ್ಟಮ್ಮ, ಸಿದ್ದಮ್ಮ ಎಂಬ ಆ ಓರಗಿತ್ತಿಯರು ಬದುವಿನ ಒಂದು ತೆಂಗಿನಮರಕ್ಕಾಗಿ ಮಾತು ಬಿಟ್ಟು ವರ್ಷಗಳಾಗಿದ್ದವು. ಪುಟ್ಟಮ್ಮನ ಮನೆಯ ಮದುವೆಗೆ ಕಾಲಿಡುವುದಿಲ್ಲವೆಂದು ಸಿದ್ದಮ್ಮ ಆಣೆ ಹಾಕಿದ್ದರು. ಸಿಡಿಯೊಂದೇ ದಾರಿ.

ಆ ಮದುವೆಗೆ ಮೈಕ್‌ಸೆಟ್ ಒಪ್ಪಿಕೊಂಡಿದ್ದ ನಾಗರಾಜನಿಗೆ ಇದು ಹಬ್ಬದೂಟ. “ಮಾತಾಡಲ್ವಾ? ಇನ್ನೂ ವಾಸಿ. ಒಬ್ಬೊಬ್ರನ್ನೇ ಕೂರಿಸಿ ಹಾಡಿಸಿ ಆಮ್ಯಾಲೆ ಜೋಡಿಸಿದ್ರಾಯ್ತು” ಎಂದು ಪುಟ್ಟಮ್ಮನನ್ನು ಸ್ಟುಡಿಯೊಗೆ ಕರೆಸಿ ಕಿವಿಗೆ ಹೆಡ್‌ಫೋನ್ ಹಾಕಿದ. ಟಿಕ್ ಟಿಕ್ ಕೇಳಿದ್ದೇ ತಡ, “ಇದ್ಯಾರಪ್ಪ ಅಡಿಕೆ ಕುಟ್ಟೋರು?” ಎಂದು ಅವರು ಕಿತ್ತಿಟ್ಟರು. ಅದಿಲ್ಲದೆ ಹಾಡಿ ಎಂದರೆ ಒಂದು ಸೊಲ್ಲು ಹಾಡಿ ಸುಮ್ಮನಾದರು. ಯಾಕೆಂದು ಕೇಳಿದರೆ, “ಎತ್ಕೊಳ್ಳೋರು ಬ್ಯಾಡ್ವಾ? ಸೊಲ್ಲು ನೆಲಕ್ಕೆ ಬಿದ್ರೆ ಮದುವೆಗೆ ಒಳ್ಳೇದಲ್ಲ” ಎಂದರು. ಅವರ ಪದ್ಧತಿಯೇ ಹಾಗೆ. ಒಬ್ಬರ ಸೊಲ್ಲಿನ ಬಾಲ ಮುಗಿಯುವ ಮುಂಚೆ ಇನ್ನೊಬ್ಬರು ಅದನ್ನು ಎತ್ತಿಕೊಳ್ಳಬೇಕು, ನಡುವೆ ಮೌನ ಸುಳಿಯಕೂಡದು. ಒಂಟಿಯಾಗಿ ಹಾಡುವುದೆಂದರೆ ಒಬ್ಬರೇ ಚೌಕಾಬಾರ ಆಡಿದ ಹಾಗೆ.

ಹಳೇಬೀಡಿನಲ್ಲೇ ಹುಟ್ಟಿ ಬೆಳೆದ ನಾಗರಾಜನಿಗೆ ಇದು ತಿಳಿಯಲಿಲ್ಲವಲ್ಲ ಎಂದು ನನಗೆ ಸಿಟ್ಟು. ಅವನ ಸ್ಟುಡಿಯೊದಿಂದ ಕೂಗಳತೆಯಲ್ಲೇ ದೇವಸ್ಥಾನದ ಗೋಡೆಯ ತಳದಲ್ಲಿ ಆನೆಗಳ ಸಾಲಿದೆ. ಒಂದರಂತೆ ಇನ್ನೊಂದಿಲ್ಲ ಎನ್ನುತ್ತಾರೆ. ಪರೀಕ್ಷಿಸಲು ಬಗ್ಗಿ ನಡೆದು ನಾನು ಸೊಂಟ ಹಿಡಿಸಿಕೊಂಡದ್ದೂ ಇದೆ. ಆ ಶಿಲ್ಪಿಗಳ ಕೈಗೆ ನಾಗರಾಜನ ಸಾಫ್ಟ್‌ವೇರ್ ಸಿಕ್ಕಿದ್ದರೆ ಒಂದೇ ಆನೆ ಕೆತ್ತಿ, ಉಳಿದವನ್ನು ಕಾಪಿ ಪೇಸ್ಟ್ ಮಾಡಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಿಬಿಡುತ್ತಿದ್ದರು. ನುಣುಪೇ ಬೇಡವೆನ್ನುವವನಲ್ಲ ನಾನು. ಪಕ್ಕದ ಬಸ್ತಿಹಳ್ಳಿಯ ಬಸದಿಯಲ್ಲಿ ಮುಖ ಕಾಣುವಷ್ಟು ಹೊಳೆಯುವ ಕಂಬಗಳಿವೆ, ಅವುಗಳ ಮುಂದೆ ನಿಂತು ತಲೆ ಬಾಚಿಕೊಂಡಿದ್ದೇನೆ. ಕಂಬಕ್ಕೆ ನುಣುಪು ಸರಿ, ಆನೆಗೆ ಯಾಕೆ?

ಹಟ ಗಟ್ಟಿಯಾಯಿತು. ನಾನು ಆ ಬಡಪಾಯಿ ಕೆಂಪು ಗುಂಡಿಯನ್ನೇ ಆರಿಸಿದೆ. ಇಬ್ಬರನ್ನೂ ನಮ್ಮ ಮನೆಗೆ ಕರೆಸಿದೆ. ಮೇಷ್ಟ್ರ ಮನೆ ಯಾರ ಪಕ್ಷದ್ದೂ ಅಲ್ಲವೆಂದು ಸಿದ್ದಮ್ಮ ಒಪ್ಪಿದರು. ಒಂದೇ ಚಾಪೆ, ನಡುವೆ ಒಂದೇ ಮೈಕು. ಒಬ್ಬರು ಗೋಣಿತಾಟು ನೋಡುತ್ತಾ ಕೂತರೆ ಇನ್ನೊಬ್ಬರು ಫ್ಯಾನು ನೋಡುತ್ತಾ ಕೂತರು. ಸ್ಟೇಷನ್ನಿನ ರೈಲು ಹೊರಟು ಸದ್ದು ಅಡಗಿದ ಮೇಲೆ ನಾನು ಗುಂಡಿ ಒತ್ತಿದೆ. ಪುಟ್ಟಮ್ಮ ಎತ್ತಿದರು. ಬಾಲ ಮುಗಿಯುವ ಮುಂಚೆ ಸಿದ್ದಮ್ಮ ಎತ್ತಿಕೊಂಡರು. ಹಾಡು ನಡೆಯುತ್ತಾ ಇಬ್ಬರ ಮುಖವೂ ತಾನೇ ತಾನಾಗಿ ಎದುರುಬದುರಾಯಿತು. ಅವತ್ತು ನನಗಾದ ಸಂತೋಷವನ್ನು ಮುಚ್ಚಿಡುವುದೇಕೆ, ಕಣ್ಣು ಒದ್ದೆಯಾಗಿತ್ತು.

ಮುಗಿದೊಡನೆ ಮುಖಗಳು ಮತ್ತೆ ಗೋಣಿತಾಟಿಗೆ, ಫ್ಯಾನಿಗೆ ತಿರುಗಿದವು. ರೆಕಾರ್ಡ್ ಆದದ್ದನ್ನು ಕೇಳಿಸಿದೆ. ಒಂದು ಕಡೆ ಸಿದ್ದಮ್ಮನ ದನಿ ತೀರಾ ಬೇಗ ನುಗ್ಗಿ ಎರಡೂ ಕಲಸಿಹೋಗಿದ್ದವು. ಸಿದ್ದಮ್ಮ ನನ್ನನ್ನು ನೋಡಿ, “ಮೇಷ್ಟ್ರೇ, ಅಲ್ಲಿ ಅವ್ರಿಗೆ ಉಸ್ರು ಸಾಲ್ದೆ ಬಂತು. ಅದ್ಕೇ ಬ್ಯಾಗ ಎತ್ಕೊಂಡೆ ಅಂತ ಹೇಳಿ ಅವ್ರಿಗೆ” ಎಂದರು. ಪುಟ್ಟಮ್ಮ ಸೆರಗು ಸರಿಮಾಡಿಕೊಂಡು, “ಗೊತ್ತಾಯ್ತು ಅಂತ ಹೇಳಿ” ಎಂದರು. ಬೇರೆ ಬೇರೆ ಬಸ್ಸಿಗೆ ಹೊರಟರು.

ಆಣೆಯಂತೆ ಸಿದ್ದಮ್ಮ ಮದುವೆಗೆ ಬರಲಿಲ್ಲ. ಛತ್ರದಲ್ಲಿ ಮೈಕ್‌ಸೆಟ್ ನಾಗರಾಜನದೇ. ಧಾರೆಯ ಹೊತ್ತಿಗೆ ಸಿಡಿ ಹಾಕಿದ. ಇಬ್ಬರ ದನಿಯೂ ಛತ್ರ ತುಂಬಿತು, ಮಣೆಯ ಮೇಲೆ ರೂಪಾ ಅಳುತ್ತಲೇ ನಗುತ್ತಿದ್ದಳು. ಆ ಕಲಸಿದ ಜಾಗ ಬಂದಾಗ ನಾಗರಾಜ ನನ್ನ ಕಿವಿಯ ಹತ್ತಿರ ಬಾಗಿದ.

“ನೋಡ್ಲಾ, ಒಂದರ ಮ್ಯಾಲೊಂದು ಬಿದ್ದೈತೆ. ನಂಗೆ ಕೊಡು, ಅಷ್ಟನ್ನ ಕತ್ತರಿಸಿ ಕ್ಲೀನ್ ಮಾಡ್ಕೊಡ್ತೀನಿ.”

“ಮುಟ್ಟಿದ್ರೆ ಕೈ ಮುರೀತೀನಿ ಕಣೋ” ಎಂದೆ. “ಮರದ ಜಗಳ ಆದ್ಮೇಲೆ ಅವರಿಬ್ಬರೂ ಒಬ್ಬರಿಗೊಬ್ಬರು ಆಡಿರೋ ಮಾತು ಅದೊಂದೇ.”