ಮ್ಯಾಲ ಮಾಲು ಇಳಸೋರು ಯಾರ್ರಿ?

ತೊಂಬತ್ತರ ದಶಕದ ಮೊದಲರ್ಧದಲ್ಲಿ ನಾನು ಆಳಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ನನ್ನ ಊರು ಜೇವರ್ಗಿ ತಾಲ್ಲೂಕಿನ ಕೊಳಕೂರ. ಲಗ್ನ ಇನ್ನೂ ಆಗಿರಲಿಲ್ಲ. ಕಾಳಿನ ದಲ್ಲಾಳಿ ಅಂಗಡಿಗಳಿರುವ ಅಡತಿ ಬಜಾರದ ಹಿಂದೆ ಒಂದು ಖೋಲಿ ಹಿಡಿದಿದ್ದೆ. ಬೆಳಗಿನ ಚಹಾ, ಚುರುಮುರಿ ಸುಸಲಾ ಎಲ್ಲ ಬಜಾರದ ಮೂಲೆಯ ಹೋಟ್ಲಿನಲ್ಲೇ ಆಗುತ್ತಿತ್ತು.

ಆ ಹೋಟ್ಲಿನ ಮುಂದೆ ಒಂದು ಕರಿ ಹಲಗೆ ಇತ್ತು. ಆ ದಿನ ಏನೇನು ತಿಂಡಿ ಎಂದು ಮಾಲೀಕ ಅದರ ಮೇಲೆ ಬರೆಯುತ್ತಿದ್ದ. ನನ್ನ ಅಕ್ಷರ ಚಂದ ಅಂತ ಆ ಕೆಲಸ ನನ್ನ ಪಾಲಿಗೆ ಬಂತು. ಮೇಲೆ ಉಳಿದ ಜಾಗ ಯಾಕೆ ಖಾಲಿ ಬಿಡಬೇಕೆಂದು ನಾನು ಎರಡು ಸಾಲು ಸುದ್ದಿಯನ್ನೂ ಬರೆಯತೊಡಗಿದೆ. ಪೇಪರು ಗುಲಬರ್ಗಾದ ಬಸ್ಸಿನಲ್ಲಿ ಬರುವಷ್ಟರಲ್ಲಿ ಹತ್ತು ಹೊಡೆಯುತ್ತಿತ್ತು. ನಾನು ಹಿಂದಿನ ಸಂಜೆ ರೇಡಿಯೋದಲ್ಲಿ ಕೇಳಿದ್ದು ಏಳಕ್ಕೇ ಹಲಗೆಯ ಮೇಲೆ ಇರುತ್ತಿತ್ತು.

ಒಂದು ವರ್ಷ, ಹೆಸರುಕಾಳು ಬಜಾರಕ್ಕೆ ಬರುವ ದಿನಗಳಲ್ಲಿ, ರಷ್ಯಾದವರ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಹೊತ್ತ ನೌಕೆಯೊಂದು ಹೊರಟಿತು. ನಾನು ಬರೆದೆ: "ಮನುಷ್ಯರಿಲ್ಲದ ನೌಕೆ. ಒಳಗೆ ನೀರು, ಊಟ, ಇಂಧನ, ಮನೆಯವರ ಪತ್ರ. ಎರಡು ದಿನಕ್ಕೆ ಮುಟ್ಟುತ್ತದೆ."

ಹಮಾಲರ ಮುಕಾದಮ ಅಲ್ಲೇ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದರು. ಬಜಾರದಲ್ಲಿ ಚೀಲ ಏರಿಸಿ ಇಳಿಸುವ ಹನ್ನೆರಡು ಮಂದಿಗೆ ಅವರೇ ಹಿರಿಯರು. ಐವತ್ತು ದಾಟಿದ ಗಿಡ್ಡ ಆಳು, ಮಾತು ಕಡಿಮೆ. ಓದಲು ಬರುತ್ತಿರಲಿಲ್ಲ. ಹಲಗೆಯನ್ನು ಯಾರಿಂದಲಾದರೂ ದಿನಾ ಓದಿಸಿ ಕೇಳುತ್ತಿದ್ದರು. ಅವತ್ತು ನನ್ನಿಂದಲೇ ಓದಿಸಿದರು.

"ಮಾಸ್ತರ್ರೇ, ಒಂದು ಮಾತು ಕೇಳ್ತೇನಿ. ಮ್ಯಾಲ ಮಾಲು ಇಳಸೋರು ಯಾರ್ರಿ?"

"ಅಲ್ಲಿ ಇರೋರೇ ಇಳಸ್ತಾರ ಕಾಕಾ. ಮೂರು ಮಂದಿ ಅದಾರ."

"ಮಾಲು ಎಷ್ಟದ?"

"ಒಂದು ಟೆಂಪೋದಷ್ಟು ಇರಬೇಕು. ಆದ್ರ ಅಲ್ಲಿ ತೂಕ ಅನ್ನೋದು ಗೊತ್ತಾಗಂಗಿಲ್ಲ. ಕ್ವಿಂಟಲ್ ಚೀಲಾನ ಒಂದ ಬೆರಳಿಲೆ ನೂಕಬಹುದು."

ಅವರು ಬಸಿಯಲ್ಲಿದ್ದ ಚಹಾ ಮುಗಿಸಿ ಕೆಳಗಿಟ್ಟರು. "ನೂಕೋದು ಆತ್ರಿ. ನಿಲ್ಲಸೋದು?"

ನನಗೆ ಒಮ್ಮೆಗೇ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. "ಕೈಗಾಡಿ ತುಂಬ ಚೀಲ ಹೇರಿ, ಸಪಾಟ ದಾರ್ಯಾಗ ಒಮ್ಮೆ ಉರುಳಾಕ ಹತ್ತಿತಂದ್ರ ಒಬ್ಬ ಮನುಷ್ಯಾ ಸಾಕು. ಅದ ಗಾಡಿ ಎದುರಿಗೆ ಎಮ್ಮಿ ಬಂತಂದ್ರ ನಾಕು ಮಂದಿ ಹಿಡದ್ರೂ ನಿಲ್ಲಂಗಿಲ್ಲ. ಮ್ಯಾಲ ಚೀಲ ಹಗುರ ಆತು ಅಂತ ಮಾತು ಕೇಳ್ತದೇನ್ರಿ?"

ನಾಲ್ಕು ವರ್ಷ ಜಡತ್ವದ ಪಾಠ ಹೇಳಿದವನು ನಾನು. ಪುಸ್ತಕದ ವ್ಯಾಖ್ಯೆ ಬಾಯಿಪಾಠ ಇತ್ತು. ಆದರೆ ಆ ಮೂವರು ತೇಲುವ ಚೀಲವೊಂದನ್ನು ಗೋಡೆಗೆ ಬಡಿಯದಂತೆ ಹೇಗೆ ಹಿಡಿಯುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಇಲ್ಲ ಕಾಕಾ, ಕೇಳಂಗಿಲ್ಲ. ಅಲ್ಲೂ ಹಂಗ," ಎಂದೆ.

ನೌಕೆ ಮುಟ್ಟಬೇಕಾದ ಸಂಜೆ ಜೋರು ಮಳೆ. ರೇಡಿಯೋ ಬರೀ ಗರಗರ ಅಂದಿತು, ಸುದ್ದಿ ಕೇಳಿಸಲಿಲ್ಲ. ಇಂಥ ನೌಕೆಗಳು ಹೋಗಿ ಮುಟ್ಟುವುದು ಆಗ ಮಾಮೂಲಾಗಿತ್ತು. ಆ ಧೈರ್ಯದ ಮೇಲೆ ಮರುದಿನ ಬರೆದುಬಿಟ್ಟೆ: "ಸಾಮಾನಿನ ನೌಕೆ ನಿಲ್ದಾಣ ಮುಟ್ಟಿತು." ಮುಕಾದಮರು ಕೇಳಿ ಸಮಾಧಾನದಿಂದ ಎದ್ದುಹೋದರು.

ಆ ಸಂಜೆ ಆಕಾಶ ತಿಳಿಯಾಗಿತ್ತು. ರೇಡಿಯೋ ಸ್ಪಷ್ಟವಾಗಿ ಹೇಳಿತು. ನೌಕೆ ಹತ್ತಿರ ಹೋದರೂ ಕೂಡಿಕೊಳ್ಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸುತ್ತಾರೆ. ಆಗಲೂ ಆಗದಿದ್ದರೆ ಮೇಲಿನವರು ನಿಲ್ದಾಣ ಬಿಟ್ಟು ಇಳಿದು ಬರಬೇಕಾಗಬಹುದು.

ಹಳೆಯದನ್ನು ಸದ್ದಿಲ್ಲದೆ ಒರೆಸಿ ಹೊಸ ಸುದ್ದಿ ಬರೆದರಾಯಿತು, ಯಾರು ಕೇಳುತ್ತಾರೆ ಅಂತ ಮೊದಲು ಅನಿಸಿತು. ಹಾಗೇ ಮಾಡುವುದೆಂದು ಬೆಳಿಗ್ಗೆ ಹೊರಟಿದ್ದೆ. ಹೋಟ್ಲಿನ ಹತ್ತಿರ ಮುಕಾದಮರು ಒಬ್ಬ ಎತ್ತಿನ ಗಾಡಿಯವನಿಗೆ ಹೇಳುತ್ತಿದ್ದರು: "ಮುಟ್ಟ್ಯಾದಪ್ಪಾ. ಮಾಸ್ತರ್ರು ಬರದಾರ."

ನಾನು ಸೀಮೆಸುಣ್ಣ ತೆಗೆದುಕೊಂಡು ಬರೆದೆ: "ನಿನ್ನೆ ನಾನು ಬರೆದದ್ದು ತಪ್ಪು. ನೌಕೆ ಮುಟ್ಟಿಲ್ಲ."

ಹೋಟ್ಲಿನ ಮಾಲೀಕನಿಗೆ ಅದು ಸೇರಲಿಲ್ಲ. "ತಪ್ಪು ಅಂತ ಯಾಕ ಬರೀತೀರಿ ಸರ್ರ? ಅದರ ಕೆಳಗ ನನ್ನ ಭಜಿ ಹೆಸರದ."

ಮುಕಾದಮರಿಗೆ ನಾನೇ ಓದಿ ಹೇಳಿದೆ. ಮಳೆಯ ಕಥೆಯನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

"ನಾ ನಿನ್ನೆ ಆರು ಅಂಗಡ್ಯಾಗ ಹೇಳಿ ಬಂದೇನಿ," ಎಂದು ಎದ್ದು ರುಮಾಲು ಸುತ್ತಿಕೊಂಡರು.

"ಎಲ್ಲಿಗೆ ಕಾಕಾ?"

"ಇಲ್ಲ ಅಂತ ಹೇಳಿ ಬರ್ತೇನಿ."

"ನಾನೂ ಬರ್ತೇನಿ."

ಶಾಲೆಗೆ ಇನ್ನೂ ಹೊತ್ತಿತ್ತು. ಇಬ್ಬರೂ ಅಂಗಡಿ ಅಂಗಡಿ ತಿರುಗಿದೆವು. "ನಿನ್ನೆ ಹೇಳಿದ್ದು ಖರೇ ಅಲ್ರಿ, ತಪ್ಪು ನಂದು," ಎಂದು ನಾನು ಹೇಳುತ್ತಿದ್ದೆ. ಮೊದಲನೆಯ ಅಂಗಡಿಯಲ್ಲಿ ನಾಲಿಗೆ ತಡವರಿಸಿತು. ಒಬ್ಬ ಅಡತಿಯವರು "ಇದನ್ನ ಹೇಳಾಕ ಇಬ್ಬರು ಬಂದ್ರೇನು?" ಎಂದು ನಕ್ಕರು. ಇನ್ನೊಬ್ಬರಿಗೆ ಯಾವ ನೌಕೆ ಎಂಬುದೇ ನೆನಪಿರಲಿಲ್ಲ. ಕೊನೆಯ ಅಂಗಡಿಯಲ್ಲಿ ವಿಭೂತಿ ಹಚ್ಚಿಕೊಂಡು ಕೂತಿದ್ದ ಮುದುಕರು ಮಾತ್ರ ತಕ್ಕಡಿಯಿಂದ ತಲೆ ಎತ್ತಿ ಕೇಳಿದರು: "ಹಂಗಾದ್ರ ಮ್ಯಾಲಿನವರಿಗೆ ಊಟ ಎಷ್ಟು ದಿವಸಕ್ಕದ?" ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎನ್ನುವುದು ಆ ಹೊತ್ತಿಗೆ ಸುಲಭವಾಗಿತ್ತು.

ಎರಡನೆಯ ಸಲವೂ ಆಗಲಿಲ್ಲ. ಯಂತ್ರವೇ ನಡೆಸುತ್ತಿದ್ದ ನೌಕೆ ನಿಲ್ದಾಣಕ್ಕೆ ತಾಗಿ ದೂರ ಸರಿಯಿತು ಎಂದು ಸುದ್ದಿ. ಅದನ್ನು ಓದಿ ಹೇಳಿದಾಗ ಮುಕಾದಮರು ಗೋದಾಮಿನ ಕಡೆ ಕೈ ಮಾಡಿದರು. ಅಲ್ಲೊಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಅವರ ಆಳೊಬ್ಬ ಕಟ್ಟೆಯ ಮೇಲೆ ನಿಂತು ಕೈಸನ್ನೆ ಮಾಡುತ್ತಿದ್ದ.

"ನೋಡ್ರಿ, ಕಟ್ಟಿ ಮ್ಯಾಲ ನಿಂತವಗ ಕಾಣ್ತದ, ಡ್ರೈವರಗ ಕಾಣಂಗಿಲ್ಲ. ಮ್ಯಾಲ ಇದ್ದವರ ಕೈಗೆ ಕೊಡಬೇಕ್ರಿ ಅದನ್ನ."

ಈ ಸಲ ನಾನು ಆತುರಪಡಲಿಲ್ಲ. ಮೂರನೆಯ ಪ್ರಯತ್ನದ ಸುದ್ದಿ ಸಂಜೆ ರೇಡಿಯೋದಲ್ಲಿ ಕೇಳಿದರೂ, ಅಡ್ಡ ಸದ್ದಿನಲ್ಲಿ ಅರ್ಧ ಹೋಗಿತ್ತು. ಪೇಪರು ಬರಲಿ ಎಂದು ಮರುದಿನ ಬೆಳಿಗ್ಗೆ ಹಲಗೆಯಲ್ಲಿ ಸುದ್ದಿಯ ಜಾಗ ಖಾಲಿ ಬಿಟ್ಟೆ. ಅವತ್ತು ಭಾನುವಾರ. ಹತ್ತರ ಬಸ್ಸಿಗೆ ನಾನೂ ಮುಕಾದಮರೂ ಸ್ಟ್ಯಾಂಡಿನಲ್ಲಿ ಕಾದೆವು. ಒಳಪುಟದ ಮೂಲೆಯಲ್ಲಿ ನಾಲ್ಕೇ ಸಾಲು ಇತ್ತು. ನಿಲ್ದಾಣದ ಕಮಾಂಡರ್ ಒಳಗೆ ಕೂತು, ಟಿವಿ ಪರದೆ ನೋಡುತ್ತ, ನೌಕೆಯನ್ನು ತಾನೇ ಕೈಯಿಂದ ನಡೆಸಿ ಕೂಡಿಸಿಕೊಂಡಿದ್ದ.

"ಕೈಲೆ ಅಂತ ಬರದಾರೇನು? ಇನ್ನೊಮ್ಮೆ ಓದ್ರಿ."

ಇನ್ನೊಮ್ಮೆ ಓದಿದೆ. ಅವರು ತಲೆಯಾಡಿಸಿದರು, ನನ್ನ ಭುಜ ಒಮ್ಮೆ ಮುಟ್ಟಿದರು. ಆಮೇಲೆ ಆ ಆರು ಅಂಗಡಿಗಳ ಕಡೆ ಒಬ್ಬರೇ ನಡೆದರು.

ಮುಂದಿನ ತಿಂಗಳು ಒಂಬತ್ತನೆಯ ತರಗತಿಗೆ ಜಡತ್ವದ ಪಾಠ ಬಂತು. ಹೆಡ್ ಮಾಸ್ತರರನ್ನು ಒಪ್ಪಿಸಿ ಮುಕಾದಮರನ್ನು ಶಾಲೆಗೆ ಕರೆದೆ. ಒಗೆದ ಧೋತರ ಉಟ್ಟು, ಎಂಟು ಚೀಲ ಹೇರಿದ ಕೈಗಾಡಿಯೊಂದಿಗೆ ಬಂದರು. ಹುಡುಗಿಯರು, ಹುಡುಗರು ಸರದಿಯ ಮೇಲೆ ಗಾಡಿ ನೂಕಿದರು. ನಿಲ್ಲಿಸಲು ಹೋದವರು ಅದರ ಜೊತೆಗೇ ಎಳೆಸಿಕೊಂಡು ಹೋಗಿ ನಕ್ಕರು. ಹಿಮ್ಮಡಿ ಎಲ್ಲಿ ಊರಬೇಕು, ಎಷ್ಟು ಮೊದಲೇ ಹಿಡಿಯಬೇಕು ಎಂದು ಮುಕಾದಮರು ತೋರಿಸಿಕೊಟ್ಟರು. ಆಮೇಲೆ ತರಗತಿಯೊಳಗೆ ನಾನು ಬೋರ್ಡಿನ ಮೇಲೆ ನೌಕೆಯ ಚಿತ್ರ ಬರೆದೆ. ಅವರು ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನಿಂತೇ ಕೇಳಿದರು.

ಗಂಟೆ ಹೊಡೆಯಿತು. ಮುಂದಿನದು ಭೂಗೋಳ, ಬೇರೆ ಮಾಸ್ತರರದು. ನಾನು ಪುಸ್ತಕ ಎತ್ತಿಕೊಂಡು ಹೊರಟೆ. ಮುಕಾದಮರು ಹೊರಡಲಿಲ್ಲ.

"ಇನ್ನೊಂದು ಪಾಠ ಕೇಳಿ ಹೋಗ್ಲೇನ್ರಿ?" ಎಂದು ಮೆಲ್ಲಗೆ ಕೇಳಿದರು.

ಹಿಂದಿನ ಬೆಂಚಿನ ಮಕ್ಕಳು ಸರಿದು ಜಾಗ ಮಾಡಿದರು. ಅವರು ಕೈಯಲ್ಲಿ ರುಮಾಲು ಹಿಡಿದುಕೊಂಡು ಕೂತರು.