ಅವ್ವ ಕರೆದ ಹೆಸರು

ರೋಣದ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಹಾಳು ಬಾವಿಯ ದೆವ್ವದ ಕಥೆ ಹೊತ್ತು ತಂದರೆ ನಕ್ಕು, ಕಾರಣ ಹುಡುಕಿಕೊಂಡು ಬನ್ನಿ ಎಂದು ಕಳಿಸುತ್ತಿದ್ದವಳು. ಈಗಲೂ ಹಾಗೇ ಕಳಿಸುತ್ತೇನೆ, ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಏಕೆಂದು ಹೇಳುತ್ತೇನೆ, ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಅವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲಿನ ಜೊತೆ ಮಾತೂ ಹೋಗಿತ್ತು. ಬಾಯಿಂದ ಬರುತ್ತಿದ್ದದ್ದು ಬರೀ ಉಸಿರಿನಂಥ ಸದ್ದು. ಮನೆಯಲ್ಲಿದ್ದವರು ನಾವಿಬ್ಬರೇ. ವಾರಕ್ಕೊಮ್ಮೆ ಕೈಕಾಲಿನ ವ್ಯಾಯಾಮಕ್ಕೆಂದು ಗಜೇಂದ್ರಗಡಕ್ಕೆ ಕರೆದೊಯ್ಯಬೇಕಿತ್ತು. ಬಸ್ಸಿನ ಮೆಟ್ಟಿಲು ಹತ್ತಿಸುವುದು ಆಗದ ಮಾತು. ಅದಕ್ಕೇ ಒಂದು ಹಳೆಯ ಸಣ್ಣ ಕಾರು ಕೊಳ್ಳಲು ಮನಸ್ಸು ಮಾಡಿದೆ.

ನರಗುಂದದಲ್ಲಿ ಒಂದಿದೆ ಎಂದು ತಿಳಿಸಿದವರು ನಮ್ಮೂರ ಮೆಕ್ಯಾನಿಕ್ ಮಕ್ತುಂಸಾಬರು. ಅವರನ್ನೇ ಕರೆದುಕೊಂಡು ಹೋದೆ. ಮಾರುವವರು ಬಟ್ಟೆ ಅಂಗಡಿಯ ಈರಣ್ಣನವರು. ಅಂಗಡಿಯ ಎದುರಿಗೇ ಗಾಡಿ ತಂದು ನಿಲ್ಲಿಸಿದ್ದರು, ಮನೆಗೆ ಕರೆಯಲಿಲ್ಲ. ಹದಿನಾಲ್ಕು ವರ್ಷದ ಕಾರು, ಬಾಗಿಲ ಕೆಳಗೆ ತುಕ್ಕು ಹಿಡಿದಿತ್ತು. ಮಕ್ತುಂಸಾಬರು ಆಯಿಲ್ ಬೆರಳಿಗೆ ಹಚ್ಚಿ ತಿಕ್ಕಿ ನೋಡಿ, ಊರ ಹೊರಗೆ ಒಂದು ಸುತ್ತು ಓಡಿಸಿ ಬಂದರು.

"ಇಂಜಿನ್ ಚಲೋ ಐತ್ರಿ ಅಕ್ಕಾರ. ರೇಡಿಯೇಟರ್ ಒಂದು ಭಾಳ ಹಳೇದು. ದಿನಾ ನೀರು ನೋಡ್ಕೋಬೇಕಾಕ್ಕತಿ" ಎಂದರು.

ಯಾಕೆ ಮಾರುತ್ತೀರಿ ಎಂದು ಕೇಳಿದ್ದಕ್ಕೆ ಈರಣ್ಣನವರು, ಮನೆಯಲ್ಲಿ ಈಗ ಓಡಿಸುವವರಿಲ್ಲ ಎಂದಷ್ಟೇ ಹೇಳಿ ಕೀಲಿಕೈ ಕೊಟ್ಟರು.

ಮೊದಲ ತಿಂಗಳು ಕ್ಲಚ್ ಕೇಬಲ್ ಹರಿಯಿತು, ಮರುತಿಂಗಳು ಬ್ಯಾಟರಿ ಕೈಕೊಟ್ಟಿತು. ಬೆಳಿಗ್ಗೆ ಅವ್ವನಿಗೆ ಚಹಾ ಕುಡಿಸಿ, ಕಾರಿಗೆ ನೀರು ಹಾಕಿ ಶಾಲೆಗೆ ಹೋಗುವುದು ರೂಢಿಯಾಯಿತು. ಮುಂದಿನ ಸೀಟಿನಲ್ಲಿ ಕೂತಾಗ ಅವ್ವನ ಮುಖ ತುಸು ಅರಳುತ್ತಿತ್ತು. ನನಗೆ ಅಷ್ಟೇ ಸಾಕಿತ್ತು.

ಬೇಸಿಗೆಯ ಒಂದು ಭಾನುವಾರ ಬೆಳವಣಕಿಗೆ ಹೊರಟೆವು. ಅಲ್ಲಿರುವ ತನ್ನ ತಂಗಿಯನ್ನು, ನನ್ನ ಚಿಕ್ಕವ್ವನನ್ನು, ಕಂಡರಾದರೂ ಅವ್ವನ ನಾಲಿಗೆ ಹೊರಳೀತೇನೋ ಎಂಬ ಆಸೆ ನನ್ನದು. ಊರು ಇನ್ನೂ ಒಂದೆರಡು ಮೈಲಿ ಇರುವಾಗ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಮೇಲೇರಿತು. ಬೇವಿನ ಮರವೊಂದರ ಕೆಳಗೆ ಅವ್ವನ ಕಡೆಗೆ ನೆರಳು ಬೀಳುವಂತೆ ನಿಲ್ಲಿಸಿ, ಬಾನೆಟ್ ಎತ್ತಿದೆ. ಆರುವ ತನಕ ರೇಡಿಯೇಟರಿನ ಮುಚ್ಚಳ ತೆಗೆಯುವಂತಿರಲಿಲ್ಲ. ಬಿಸಿಲಲ್ಲೇ ನಿಂತೆ. ಎರಡೂ ಕಡೆ ಜೋಳ ಕೊಯ್ದ ಎರೆಹೊಲ, ಕಣ್ಣು ಹಾಯುವಷ್ಟು ದೂರ ಒಬ್ಬರೂ ಇಲ್ಲ.

"ಗೌರೀ, ಬಿಸಲಾಗ ನಿಂದರಬ್ಯಾಡ. ಒಳಗ ಬಾ."

ಅವ್ವನ ದನಿ. ಹನ್ನೊಂದು ತಿಂಗಳಿಂದ ಕೇಳದಿದ್ದ ದನಿ, ಒಂದಕ್ಷರವೂ ತೊದಲಲಿಲ್ಲ. ಓಡಿ ಹೋಗಿ ಬಾಗಿಲು ತೆಗೆದೆ. "ಅವ್ವಾ, ಇನ್ನೊಮ್ಮೆ ಅನ್ನು" ಎಂದೆ. ಅವಳು ಎಡಗೈಯಿಂದ ಪಕ್ಕದ ಸೀಟು ತಟ್ಟಿದಳು. ಒಳಗೆ ಹೋಗಿ ಕೂತೆ. ನನ್ನ ಮಣಿಕಟ್ಟು ಹಿಡಿದುಕೊಂಡಳು, ತುಟಿಗಳು ಅಲುಗಿದವು, ಬಂದದ್ದು ಮತ್ತೆ ಬರೀ ಉಸಿರು.

ನನ್ನ ಹೆಸರು ಗೌರಿಯಲ್ಲ. ನಮ್ಮ ಬಳಗದಲ್ಲಿ ಆ ಹೆಸರಿನವರಿಲ್ಲ. ಚಿಕ್ಕವ್ವನನ್ನು ಕೇಳಿದೆ, ಬಾಲ್ಯದ ಗೆಳತಿಯರಲ್ಲೂ ಯಾರೂ ಇರಲಿಲ್ಲವಂತೆ. ಲಕ್ವಾ ಆದವರ ಬಾಯಲ್ಲಿ ಹೀಗೆ ಎಂದಾದರೊಮ್ಮೆ ಸಂಬಂಧವಿಲ್ಲದ ಮಾತು ಬರುವುದುಂಟು ಎಂದರು ಡಾಕ್ಟರು. ಒಪ್ಪಿಕೊಂಡೆ. ಒಂದೂವರೆ ತಿಂಗಳಿಗೆ ಅವ್ವ ತೀರಿಕೊಂಡಳು, ಮತ್ತೆ ಮಾತಾಡಲಿಲ್ಲ. ಮುಚ್ಚಿಡದೆ ಹೇಳಬೇಕೆಂದರೆ, ಅವಳು ಹೋದ ದುಃಖದೊಳಗೆ ಇನ್ನೊಂದು ದುಃಖ ಸೇರಿಕೊಂಡಿತ್ತು. ಒಂದೇ ಒಂದು ಸಲ ಮಾತು ಬಂದಾಗ ಅವಳು ನನ್ನ ಹೆಸರು ಹಿಡಿಯಲಿಲ್ಲ.

ಅವ್ವ ಹೋದ ಹದಿನೈದು ದಿನಕ್ಕೆ, ಕಾರಿನ ಕಾಗದ ನನ್ನ ಹೆಸರಿಗೆ ಆಗುವಾಗ ಈರಣ್ಣನವರ ಸಹಿ ಹೊಂದಲಿಲ್ಲವೆಂದು ಮತ್ತೆ ನರಗುಂದಕ್ಕೆ ಹೋಗಬೇಕಾಯಿತು. ಅಂದು ಅಂಗಡಿಗೆ ರಜೆ, ಹಾಗಾಗಿ ಅದೇ ಕಾರಿನಲ್ಲಿ ಮನೆಗೇ ಹೋದೆ. ಪಡಸಾಲೆಯ ಗೋಡೆಗೆ ಮಾಲೆ ಹಾಕಿದ ಫೋಟೊ ಇತ್ತು. ಇಪ್ಪತ್ತರ ಹುಡುಗಿ, ನನ್ನದೇ ಕಾರಿಗೆ ಒರಗಿ ನಿಂತಿದ್ದಳು. ನೀರು ತಂದುಕೊಟ್ಟ ಈರಣ್ಣನವರ ಹೆಂಡತಿ ಶಾಂತಕ್ಕ, ಒಬ್ಬಳೇ ಮಗಳು, ಜ್ವರ ಬಂದು ಮೂರೇ ದಿನಕ್ಕೆ ಹೋದಳು ಎಂದರು. ಹೆಸರು ಕೇಳಿದೆ. ಗೌರಿ.

ನನಗೆ ಸುಮ್ಮನಿರಲು ಆಗಲಿಲ್ಲ. ಅವ್ವ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಆಕೆ ನನ್ನೆದುರು ಬಂದು ಕೂತರು.

"ಅವು ನನ್ನ ಮಾತರಿ. ಅಂಗಳದಾಗ ಗಾಡಿ ತೊಳಕೋಂತ ನಿಂತಬಿಡ್ತಿದ್ಲು. ನಾ ದಿನಾ ಹಿಂಗ ಕರೀತಿದ್ದೆ" ಎಂದರು.

ಆಮೇಲೆ ಎದ್ದು ಹೊರಗೆ ಬಂದು, ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಈರಣ್ಣನವರೂ ನಾನೂ ಅಂಗಳದಲ್ಲೇ ನಿಂತೆವು. ಬಹಳ ಹೊತ್ತಿನ ಮೇಲೆ ಆಕೆ ಇಳಿದರು. ಏನೂ ಕೇಳಿಸಲಿಲ್ಲವೆಂಬುದು ಮುಖದಲ್ಲೇ ಇತ್ತು. ನನ್ನ ಹತ್ತಿರ ಬಂದು, "ಅವ್ವ ಕರದಾಗ ನೀವು ಒಳಗ ಹೋದ್ರೇನು?" ಎಂದು ಕೇಳಿದರು.

"ಹೋದ್ನಿರಿ."

"ಚಲೋ ಆತು. ನನ್ನ ಮಗಳು ಒಂದ ಕೂಗಿಗೆ ಎಂದೂ ಬರ್ಲಿಲ್ಲ."

ಅವ್ವ ಆ ಮನೆಯವರನ್ನು ಕಂಡವಳಲ್ಲ. ನನಗಾಗಲಿ ಮಕ್ತುಂಸಾಬರಿಗಾಗಲಿ ಆ ಹುಡುಗಿಯ ಹೆಸರು ಗೊತ್ತಿರಲಿಲ್ಲ. ತಪ್ಪಾಗಿ ಕೇಳಿಸಿಕೊಂಡೆ ಎನ್ನೋಣವೆಂದರೆ, ಚಿಕ್ಕವ್ವನಿಗೆ ಆ ಹೆಸರು ಹೇಳಿದ್ದು ನರಗುಂದಕ್ಕೆ ಹೋಗುವ ಎರಡು ತಿಂಗಳು ಮೊದಲು. ಇದಕ್ಕಿಂತ ಹೆಚ್ಚು ನನಗೆ ತಿಳಿಯದು. ಯಾವ ಹೆಸರು ಹಿಡಿದರೇನು, ಅಂದು ಅವ್ವ ಕರೆದದ್ದು ನನ್ನನ್ನೇ ಎಂದುಕೊಳ್ಳಲು ನೋಡುತ್ತೇನೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.