ಅತ್ತೆ ಕಿವಿಯಲ್ಲಿ ನೋಡಿದ ಸಿನಿಮಾ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಇಪ್ಪತ್ತೆರಡು ವರ್ಷ ಚಿತ್ರಮಂದಿರವೊಂದರ ಸೈಕಲ್ ಸ್ಟ್ಯಾಂಡ್ ನೋಡಿಕೊಂಡವಳು. ಅಲ್ಲಿಗೆ ಬಂದ ಒಂದು ಸಿನಿಮಾವನ್ನೂ ಬಿಟ್ಟವಳಲ್ಲ, ಒಂದನ್ನೂ ನೋಡಿದವಳಲ್ಲ. ಸೈಕಲ್ಲುಗಳನ್ನು ಬಿಟ್ಟು ಒಳಗೆ ಹೋಗುವಂತಿರಲಿಲ್ಲ. ಪರದೆಯ ಹಿಂದಿನ ಗೋಡೆಗೆ ಸ್ಟೂಲು ಹಾಕಿಕೊಂಡು ಕೇಳುತ್ತಿದ್ದಳು. ಕೊನೆಯ ಹಾಡು ಶುರುವಾದರೆ ಎದ್ದು ಸೈಕಲ್ಲುಗಳನ್ನೆಲ್ಲ ಗೇಟಿನ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದಳು.

ಬೆಳಗಿನ ಹೊತ್ತು ನಮಗೆ, ಮನೆಯ ಮೂವರು ಹುಡುಗಿಯರಿಗೆ, ತಲೆ ಬಾಚುತ್ತ ಕಥೆ ಹೇಳುತ್ತಿದ್ದಳು. ಹೊಡೆದಾಟ ಬಂದರೆ ಬಾಚಣಿಗೆಯೂ ಜೋರಾಗುತ್ತಿತ್ತು. ಕೂದಲು ಕಿತ್ತು ಬಂದರೂ ನಾವು ಕಮಕ್ ಕಿಮಕ್ ಅನ್ನುತ್ತಿರಲಿಲ್ಲ.

ಇಪ್ಪತ್ತೈದು ವಾರ ಓಡಿದ ಒಂದು ಸಿನಿಮಾದಲ್ಲಿ ಹುಡುಗಿ ಬಾವಿಗೆ ಬೀಳುತ್ತಾಳೆ.

"ಧುಡುಂ ಅಂತ ಬಿದ್ಲು! ಸುತ್ತ ಒಂದು ನರಪಿಳ್ಳೆ ಇಲ್ಲ. ಕಲ್ಲಿಗೆ ಉಗುರು ಸಿಕ್ಕಿಸ್ಕೊಂಡು ತಾನೇ ಹತ್ತಿ ಬಂದ್ಲು ನೋಡ್ರೇ!"

ಕೆಲವರಿಗೆ ಸಿನಿಮಾ ಹಾಡಿನಿಂದ ನೆನಪಿರುತ್ತದೆ, ನನಗೆ ಆ ಉಗುರುಗಳಿಂದ. ಬಸ್ ಓಡಿಸುವ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮೂರನೆಯ ಸಲ ಸ್ಟೀರಿಂಗ್ ಹಿಡಿದಾಗ ಆ ಬಾವಿಯ ಹುಡುಗಿಯೇ ನನ್ನ ಪಕ್ಕದಲ್ಲಿದ್ದಳು. ಈಗ ದಿನಾ ಬಸ್ ಓಡಿಸುತ್ತೇನೆ.

ಹೋದ ತಿಂಗಳು ಅದೇ ಚಿತ್ರಮಂದಿರಕ್ಕೆ ಅದೇ ಸಿನಿಮಾ ಮತ್ತೆ ಬಂತು. ನಾನೂ ಅದನ್ನು ನೋಡಿರಲಿಲ್ಲ, ಅತ್ತೆಯನ್ನು ಕರೆದುಕೊಂಡು ಹೋದೆ. ಮೊದಲ ಸಲ ಒಳಗೆ ಕೂತ ಅವಳ ಸಂಭ್ರಮ ಹೇಳತೀರದು. ನಟರು ಬಾಯಿ ತೆರೆಯುವ ಮೊದಲೇ ಮಾತು ಒಪ್ಪಿಸುತ್ತಿದ್ದಳು. ಹಿಂದಿನ ಸಾಲಿನವರು "ಶ್" ಎಂದರೆ "ನೀವೇ ಸುಮ್ನಿರಿ" ಎಂದಳು. ಅವಳಿಗೆ ಗುರುತು ಸಿಗದವನು ಒಬ್ಬನೇ.

"ಇವನ್ಯಾರೇ? ಬಾಯೇ ಬಿಡ್ತಿಲ್ಲ?"

"ಮೂಗ ಅತ್ತೆ. ಹುಡುಗಿ ಮನೇಲಿ ಕೆಲಸಕ್ಕಿದಾನೆ."

ಬಾವಿಯ ದೃಶ್ಯ ಬಂತು. ಹುಡುಗಿ ಬಿದ್ದಳು. ಆ ಮೂಗ ಓಡಿಬಂದು ಹಗ್ಗ ಕಟ್ಟಿ, ಇಳಿದು, ಅವಳನ್ನು ಹೆಗಲ ಮೇಲೆ ಹೊತ್ತು ತಂದ. ಅಷ್ಟು ಹೊತ್ತೂ ಬರೀ ಸಂಗೀತ. ಅತ್ತೆ ಆಮೇಲೆ ಒಂದು ಮಾತೂ ಒಪ್ಪಿಸಲಿಲ್ಲ.

ಹೊರಗೆ ಬಂದಾಗ ಅವಳ ಕಣ್ಣು ತುಂಬಿತ್ತು. "ಇಷ್ಟು ವರ್ಷ ನಿಮ್ಮ ತಲೆಗೆ ಸುಳ್ಳು ತುಂಬಿದ್ನಲ್ಲೇ. ಪಾಪ, ಆ ಮೂಗನಿಗೆ ಎಂಥ ಅನ್ಯಾಯ."

"ನಿನ್ನ ಹುಡುಗಿ ಇಲ್ದಿದ್ರೆ ನಾನು ಬಸ್ ಓಡಿಸ್ತಾನೇ ಇರ್ಲಿಲ್ಲ ಅತ್ತೆ," ಎಂದೆ. ಅವಳು ಒಪ್ಪಲಿಲ್ಲ. ಇನ್ನು ಆ ಕಥೆ ಹೇಳುವುದಿಲ್ಲ ಎಂದುಬಿಟ್ಟಳು. ನನಗೆ ಸಂಕಟವಾಯಿತು, ನನ್ನ ಮಗಳು ಇನ್ನೂ ಆ ಕಥೆ ಕೇಳಿರಲಿಲ್ಲ.

ಮೊನ್ನೆ ಭಾನುವಾರ ಮಗಳು ಬಾಚಣಿಗೆ ಹಿಡಿದು ಅತ್ತೆಯ ಮುಂದೆ ಕೂತಳು. "ಅಜ್ಜೀ, ಅಮ್ಮನಿಗೆ ಹೇಳ್ತಿದ್ದ ಬಾವಿ ಕಥೆ ಹೇಳು."

ಅತ್ತೆ ನನ್ನ ಮುಖ ನೋಡಿದಳು. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದೆ. ಅವಳು ಬಹಳ ಹೊತ್ತು ಒಂದೇ ಸಿಕ್ಕು ಬಿಡಿಸುತ್ತಿದ್ದಳು.

"ಧುಡುಂ ಅಂತ ಬಿದ್ಲು ಕಣೇ. ಮೇಲೆ ಒಬ್ಬ ಮೂಗಣ್ಣ ಓಡಿಬಂದ. ತುಂಬ ಒಳ್ಳೆಯವನು. ಹಗ್ಗ ಇಳಿಸ್ಲಾ ಅಂತ ಕೈಸನ್ನೆ ಮಾಡ್ದ."

"ಆಮೇಲೆ?"

"ಇವಳು ಕಲ್ಲಿಗೆ ಉಗುರು ಸಿಕ್ಕಿಸ್ಕೊಂಡು, 'ಅಲ್ಲೇ ಇರಣ್ಣ, ನಾನೇ ಬಂದೆ' ಅಂದ್ಲು!"

ಬಾಚಣಿಗೆ ಜೋರಾಯಿತು. ಮಗಳು ಕಮಕ್ ಕಿಮಕ್ ಅನ್ನಲಿಲ್ಲ.